ಬರೂ ವರ್ಷದ ಗಾಡಿ

ನಮ್ಮ ಸೀಮೆಯಲ್ಲಿ ಅತಿ ಹೆಚ್ಚು ರೈಲು ಓಡಿಸಿದ ಮನುಷ್ಯ ಯಾರು ಎಂದು ಕೇಳಿದರೆ ನಾನು ಎರಡನೆಯ ಯೋಚನೆಯಿಲ್ಲದೆ ನಮ್ಮ ಕಾಕಾನ, ಅಂದರೆ ಚಿಕ್ಕಪ್ಪನ, ಹೆಸರು ಹೇಳುತ್ತೇನೆ. ಕೂಡಲೇ ಬಲ್ಲವರು ಹುಬ್ಬೇರಿಸುತ್ತಾರೆ. ರಬಕವಿಯಲ್ಲಿ ರೈಲೆಲ್ಲಿದೆ? ಇಲ್ಲ. ಸ್ಟೇಷನ್ನು? ಅದೂ ಇಲ್ಲ. ಬಾಗಲಕೋಟೆಯಿಂದ ಕುಡಚಿಯ ತನಕ ಹಳಿ ಹಾಕುತ್ತಾರೆ, ನಮ್ಮ ಕಡೆ ಹಾದು ಹೋಗುತ್ತದೆ ಎಂದು ನಾನು ಲಂಗ ತೊಡುತ್ತಿದ್ದ ಕಾಲದಿಂದ ಕೇಳುತ್ತಿದ್ದೇನೆ. ಈಗ ನಾನು ತಲೆಗೆ ಬಣ್ಣ ಹಚ್ಚಿಕೊಳ್ಳುತ್ತೇನೆ. ಹಾಗಾದರೆ ಕಾಕಾ ರೈಲು ಓಡಿಸುವುದು ಎಲ್ಲಿ? ಸೂಟ್‌ಕೇಸಿನಲ್ಲಿ!

ಅದೂ ಎಂಥ ರೈಲು ಅಂತೀರಿ? ಓಡುತ್ತದೆ, ಆದರೆ ಹೋಗುವುದಿಲ್ಲ.

ತಲೆ ಕೆಡಿಸಿಕೊಳ್ಳಬೇಡಿ, ನಮ್ಮ ಮನೆಯವರು ಈಗಾಗಲೇ ಸಾಕಷ್ಟು ಕೆಡಿಸಿಕೊಂಡಿದ್ದಾರೆ. ಮೊದಲಿನಿಂದ ಹೇಳುತ್ತೇನೆ. ಮೊದಲಿನಿಂದ ಹೇಳಬೇಕೆಂದರೆ ಕಾಕುನಿಂದ ಶುರು ಮಾಡಬೇಕು. ಕಾಕು ಎಂದರೆ ಕಾಕಾನ ಹೆಂಡತಿ, ಕುಡಚಿಯ ಹೆಣ್ಣು. ಆಕೆಯ ತವರುಮನೆ ರೈಲ್ವೆ ಸ್ಟೇಷನ್ನಿನ ಬೆನ್ನಿಗೇ ಇತ್ತು. ಕೃಷ್ಣೆಯ ಸೇತುವೆ ದಾಟಿ ಬರುವ ಗಾಡಿಯ ಸದ್ದಿಗೆ ಏಳುವುದು, ಕೊನೆಯ ಗಾಡಿಯ ಸದ್ದಿಗೆ ಮಲಗುವುದು, ನಡುವೆ ಬೇಲಿಗೆ ನಿಂತು ಬಂದ ಗಾಡಿಗಳಿಗೆಲ್ಲ ಕೈ ಬೀಸುವುದು. ಹುಡುಗಿಯಾಗಿದ್ದಾಗ ಆಕೆಗಿದ್ದ ದಿನಚರಿ ಇಷ್ಟೇ. ನಮ್ಮವರು ಕನ್ಯೆ ನೋಡಲು ಹೋದಾಗ ಆಕೆಯ ಅಪ್ಪ ಮಗ್ಗ ಎಷ್ಟು, ಹೊಲ ಎಷ್ಟು ಎಂದು ಕೇಳಲಿಲ್ಲವಂತೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ನಿಮ್ಮೂರಿಗೆ ಗಾಡಿ ಐತೇನ್ರಿ?"

ನಮ್ಮ ಅಜ್ಜ ಬಾಯಲ್ಲಿದ್ದ ಉಪ್ಪಿಟ್ಟು ನುಂಗಿ, ರೆಪ್ಪೆ ಬಡಿಯದೆ ಹೇಳಿದನಂತೆ: "ಬರೂ ವರ್ಷ ಬರತೈತ್ರಿ."

ಮದುವೆಯಾಯಿತು. ವರ್ಷ ಬಂತು, ಹೋಯಿತು, ಗಾಡಿ ಮಾತ್ರ ಬರಲಿಲ್ಲ. ಹೊಸದಾಗಿ ಬಂದ ಕಾಕುಗೆ ನಿದ್ದೆ ಹತ್ತುತ್ತಿರಲಿಲ್ಲವಂತೆ. ಮಗ್ಗದ ಖಟಪಟ ಇಡೀ ಓಣಿಯನ್ನು ತುಂಬಿದ್ದರೂ ಆಕೆಗೆ ಊರು ಮೂಕವಾದಂತೆ ಅನ್ನಿಸುತ್ತಿತ್ತಂತೆ. ಅಂದಿನಿಂದ ನಮ್ಮ ಮನೆಯಲ್ಲಿ 'ಬರೂ ವರ್ಷ' ಎಂಬ ಮಾತಿಗೆ ನಿಘಂಟಿನಲ್ಲಿಲ್ಲದ ಅರ್ಥ ಬಂದಿತು. ನಾನು ಸೈಕಲ್ ಕೇಳಿದಾಗ ಅಪ್ಪ "ಬರೂ ವರ್ಷ" ಎಂದರೆ ಇನ್ನು ಕೇಳಬೇಡ ಎಂದರ್ಥ. ಕಾಕಾ ತಂಬಾಕು ಬಿಡುವುದು ಯಾವಾಗ? ಬರೂ ವರ್ಷ. ಕಾಕುಗೆ ಸಿಟ್ಟು ಬಂದರೆ ಬೇರೆ ಬೈಗುಳ ಬೇಕಾಗಿಯೇ ಇರಲಿಲ್ಲ. "ಬರೂ ವರ್ಷದ ಮಂದಿ ನೀವು" ಎಂದರೆ ಸಾಕು, ಕಾಕಾ ಅರ್ಧ ರೊಟ್ಟಿಗೇ ಎದ್ದು ಕೈತೊಳೆದು ಅಂಗಡಿಗೆ ನಡೆಯುತ್ತಿದ್ದ.

ಕಾಕಾನದು ಸೀರೆ ವ್ಯಾಪಾರ. ರಬಕವಿ-ಬನಹಟ್ಟಿಯ ಮಗ್ಗಗಳಲ್ಲಿ ಇಳಿದ ಸೀರೆಗಳ ನಮೂನೆಗಳನ್ನು ದೊಡ್ಡದೊಂದು ಸೂಟ್‌ಕೇಸಿಗೆ ತುಂಬಿಕೊಂಡು ಪುಣೆಯ ಅಂಗಡಿಗಳಿಗೆ ತೋರಿಸಿ ಬರುತ್ತಿದ್ದ. ಕೆಲವು ವರ್ಷಗಳ ಹಿಂದೆ ಹಾಗೆ ಹೋಗಿ ಬಂದಾಗ, ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಟವೆಲಿನಲ್ಲಿ ಸುತ್ತಿದ ಒಂದು ನೀಲಿ ರೈಲ್ವೆ ಇಂಜಿನ್ನು ಇತ್ತು. ಅಂಗೈಗಿಂತ ತುಸು ಉದ್ದ. ಅದನ್ನು ಆಟಿಕೆ ಎನ್ನಬೇಡಿ, ಕಾಕಾ ನಿಮ್ಮ ಮನೆಗೆ ಬರುವುದನ್ನು ಬಿಡುತ್ತಾನೆ. ಮಾಡೆಲ್ ಎನ್ನಬೇಕು. ನಿಜವಾದ ಇಂಜಿನ್ನಿನಲ್ಲಿ ಏನೇನಿದೆಯೋ ಅದೆಲ್ಲವೂ ಅದರಲ್ಲಿದೆ, ಡ್ರೈವರನೊಬ್ಬನನ್ನು ಬಿಟ್ಟು. ಹಳಿಗೆ ಕರೆಂಟು ಕೊಟ್ಟರೆ ಅದು ಗಾಲಿಗಳಿಂದ ಒಳಗೇರಿ ಮೋಟಾರನ್ನು ತಿರುಗಿಸುತ್ತದೆ, ಇಂಜಿನ್ನು ಓಡುತ್ತದೆ.

ಕಾಕಾ ಅದನ್ನು ಪಡಸಾಲೆಯ ನಡುವೆ ಇಟ್ಟು, ಅಡುಗೆಮನೆಯ ಕಡೆ ಕತ್ತು ಚಾಚಿ ಕರೆದ. "ಏ, ಕೇಳಿಲ್ಲೆ. ಗಾಡಿ ಬಂತು, ನೋಡ ಬಾ."

ಕಾಕು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಿಮ್ಮಪ್ಪ ಹೇಳಿದ್ದು ಇದನ್ನಲ್ಲ. ಖರೆ ಗಾಡಿ ಬಂದಾಗ ಹೇಳ್ರಿ, ಆವಾಗ ನೋಡತೇನಿ."

ಆಕೆ ಮುಖ ತಿರುಗಿಸಿದ್ದು ತಿರುಗಿಸಿದ್ದೇ. ಪಡಸಾಲೆಯಲ್ಲಿ ಇಂಜಿನ್ನು ಇದ್ದರೆ ಹಿತ್ತಲಿನಿಂದ ಸುತ್ತು ಹಾಕಿ ಹೊರಗೆ ಹೋಗುವಳು. ಕಾಕಾನ ಉಳಿದ ಆಯುಷ್ಯದ ಗುರಿ ಅವತ್ತೇ ನಿರ್ಧಾರವಾಯಿತು. ಈ ಹೆಂಗಸು ಒಂದು ಸಲ, ಒಂದೇ ಒಂದು ಸಲ, ತನ್ನ ಗಾಡಿಯನ್ನು ತಿರುಗಿ ನೋಡಬೇಕು.

ಆದರೆ ನೋಡಲು ಅಲ್ಲೇನಿತ್ತು? ಗಾಲಿಗೆ ತಂತಿ ತಾಗಿಸಿ ಕರೆಂಟು ಕೊಟ್ಟರೂ ಇಂಜಿನ್ನು ಓಡಲೇ ಇಲ್ಲ. ಪುಣೆಯ ಅಂಗಡಿಯವನು ಓಡುತ್ತದೆ ಎಂದಿದ್ದನಂತೆ. "ಓಡಿಸಿ ನೋಡದ ತಂದಿಯೇನ್ ಕಾಕಾ?" ಎಂದು ಕೇಳಿದೆ. ಸೀರೆ ಕೊಳ್ಳುವಾಗ ಸೆರಗಿನ ಎಳೆ ಎಳೆಯನ್ನೂ ಬೆಳಕಿಗೆ ಹಿಡಿದು ನೋಡುವ ಮನುಷ್ಯ ಈತ.

"ನೋಡಾಕ ಅಲ್ಲಿ ಹಳಿ ಇದ್ದಿದ್ದಿಲ್ಲ ಬೇ. ಇದ್ದಿದ್ರ ಬಿಡತಿದ್ನೇನು?"

ಆಗ ಹುಟ್ಟಿತು ನೋಡಿ, ಆ ಮಹಾ ಯೋಜನೆ. ಕೈಯಲ್ಲಿ ಹಿಡಿದುಕೊಂಡು ಹೋಗಬಹುದಾದ ಇಂಜಿನ್ ಪರೀಕ್ಷಾ ಯಂತ್ರ! ಯಾವ ಅಂಗಡಿಗೆ ಹೋದರೂ ಅಲ್ಲೇ ಬಿಚ್ಚಿ, ಇಂಜಿನ್ನನ್ನು ಅದರ ಮೇಲೆ ಏರಿಸಿ, ಗಾಲಿ ತಿರುಗುತ್ತದೆಯೋ, ಮೋಟಾರು ಬಿಸಿಯಾಗುತ್ತದೆಯೋ, ಎಣ್ಣೆ ಬೇಕೋ ಎಂದು ನೋಡಬಹುದು. ಸೀರೆಯ ಸೂಟ್‌ಕೇಸು ಖಾಲಿಯಾಯಿತು. ಸೀರೆಗಳು ಕಾಕುನ ಟ್ರಂಕಿಗೆ ಹೋದವು. ಟ್ರಂಕಿನಲ್ಲಿದ್ದ ಹಾಸಿಗೆಗಳು ಅಟ್ಟಕ್ಕೆ ಹೋದವು. ಅಟ್ಟದಲ್ಲಿದ್ದ ಹಳೆಯ ಸ್ಕೂಟರಿನ ಬ್ಯಾಟರಿ ಸೂಟ್‌ಕೇಸಿಗೆ ಬಂತು.

ಮೊದಲು ಸೂಟ್‌ಕೇಸಿನೊಳಗೆ ಉದ್ದಕ್ಕೆ ಒಂದು ಹಳಿ ಕೂರಿಸಿದ. ಹೇಗೋ ರಿಪೇರಿಯಾಗಿ ಬಂದಿದ್ದ ಇಂಜಿನ್ನು ಕರೆಂಟು ಕೊಟ್ಟ ಕೂಡಲೇ ಒಂದೇ ಜಿಗಿತಕ್ಕೆ ಆ ತುದಿ ಮುಟ್ಟಿ ಸೂಟ್‌ಕೇಸಿನ ಗೋಡೆಗೆ ಹಣೆ ಚಚ್ಚಿಕೊಂಡಿತು. ಸೂಟ್‌ಕೇಸನ್ನು ಉದ್ದ ಮಾಡಲು ಆಗುವುದಿಲ್ಲ. ಹಾಗಾದರೆ ಗಾಡಿ ನಿಂತಲ್ಲೇ ಓಡಬೇಕು. ಪ್ರತಿ ಗಾಲಿಯ ಕೆಳಗೆ ಎರಡೆರಡು ಪುಟ್ಟ ಉರುಳೆ ಇಟ್ಟರೆ ಗಾಲಿ ಅವುಗಳ ಮೇಲೆ ತಿರುಗುತ್ತಿರುತ್ತದೆ, ಇಂಜಿನ್ನು ಇದ್ದಲ್ಲೇ ಇರುತ್ತದೆ. ರಬಕವಿಯ ಮನುಷ್ಯನಿಗೆ ಉರುಳೆ ಎಂದರೆ ಏನು ನೆನಪಾಗಬೇಕು? ಮಗ್ಗದ ಲಾಳಿಯೊಳಗೆ ನೂಲು ಸುತ್ತಿಡುವ ಕಂಡಿಕೆ. ಕಾಕಾ ಕಟ್ಟಿಗೆಯ ಕಂಡಿಕೆಗಳನ್ನು ಕೊಯ್ದು ನುಣ್ಣಗೆ ಉಜ್ಜಿ ಕೂರಿಸಿ, ಇಂಜಿನ್ನು ಏರಿಸಿ, ಊದುಬತ್ತಿ ಹಚ್ಚಿ, ಗುಂಡಿ ಒತ್ತಿದ. ಏನೂ ಆಗಲಿಲ್ಲ. ಕಟ್ಟಿಗೆಯಲ್ಲಿ ಕರೆಂಟು ಹಾಯುತ್ತದೆಯೇ? ಅದು ಕಾಕಾನಿಗೆ ಹೊಳೆಯುವ ಮೊದಲು ಊದುಬತ್ತಿ ಮುಗಿದಿತ್ತು.

ಅಡುಗೆಮನೆಯಿಂದ ದನಿ ಬಂತು. "ಯಾಕ್ರಿ, ಬರೂ ವರ್ಷ ಓಡತೈತೇನು?"

ಆಮೇಲೆ ಕಬ್ಬಿಣದ ಪುಟ್ಟ ಬೇರಿಂಗುಗಳು ಬಂದವು, ಅವಕ್ಕೆ ಹಿತ್ತಾಳೆಯ ಪಟ್ಟಿ ಬಂತು, ವೇಗ ಏರಿಸಿ ಇಳಿಸಲು ಒಂದು ಗಿರಕಿ, ಗಾಡಿ ಎಷ್ಟು ಕರೆಂಟು ತಿನ್ನುತ್ತಿದೆ ಎಂದು ತೋರಿಸಲು ಸೂಜಿಯ ಮೀಟರು, ಎಣ್ಣೆ ಬಿಡಲು ಡಾಕ್ಟರರ ಸಿರಿಂಜು. ಎಲ್ಲವೂ ಅಲ್ಲಾಡದಂತೆ ಹಳೆಯ ಸೀರೆಯ ಅಂಚಿನಿಂದ ಬಿಗಿದು ಕಟ್ಟಿದ್ದ. ನನ್ನನ್ನು ಜಮಖಂಡಿಯಿಂದ ಕರೆಸಿ ಉದ್ಘಾಟನೆ ಮಾಡಿಸಿದ. ಗಿರಕಿ ತಿರುಗಿಸಿದೆ. ಗಾಲಿಗಳು ಗಿರ್ರನೆ ತಿರುಗತೊಡಗಿದವು. ಇಂಜಿನ್ನು ಕೂದಲೆಳೆಯಷ್ಟೂ ಮುಂದೆ ಹೋಗಲಿಲ್ಲ.

"ಕಾಕಾ, ಇದು ಎಲ್ಲಿಗೂ ಹೋಗವಲ್ದಲ್ಲ?"

"ಹೋಗೂದು ಬ್ಯಾರೆ, ಓಡೂದು ಬ್ಯಾರೆ. ಮೊದಲ ಓಡಲಿ."

ನಮ್ಮ ಕಡೆಯ ರೈಲ್ವೆ ಲೈನಿನ ಬಗ್ಗೆ ಇಷ್ಟು ಚಂದದ ಮಾತನ್ನು ನಾನು ಯಾವ ಭಾಷಣದಲ್ಲೂ ಕೇಳಿಲ್ಲ.

ಯಂತ್ರವೇನೋ ಆಯಿತು, ಪುಣೆಗೂ ಹೋಗಿ ಬಂತು. ಅಲ್ಲಿ ಮಾಡೆಲ್ ಅಂಗಡಿಯಲ್ಲಿ ಕಾಕಾ ಸೂಟ್‌ಕೇಸನ್ನು ಕೌಂಟರಿನ ಮೇಲಿಟ್ಟು ಚಿಲಕಕ್ಕೆ ಕೈ ಹಾಕುವಷ್ಟರಲ್ಲಿ, ಅದರ ಬಾಯಿಂದ ಇಣುಕುತ್ತಿದ್ದ ಸೀರೆಯ ಅಂಚು ನೋಡಿದ ಅಂಗಡಿಯವನು ಎರಡೂ ಕೈ ಜೋಡಿಸಿ "ಸಾಡ್ಯಾ ನಕೋತ್ ಕಾಕಾ" ಎಂದನಂತೆ, ಸೀರೆ ಬೇಡವೆಂದು. ಸೀರೆ ಮಾರಲು ಹೋದಲ್ಲೂ ಅದೇ ಮಾತು ಕೇಳಿ ಕೇಳಿ ರೂಢಿಯಾಗಿದ್ದ ಕಾಕಾ ಸುಮ್ಮನೆ ಸೂಟ್‌ಕೇಸು ಎತ್ತಿಕೊಂಡು ಬಂದುಬಿಟ್ಟ. ಬಸ್ ಸ್ಟ್ಯಾಂಡು ಮುಟ್ಟಿದ ಮೇಲೆ ನೆನಪಾಯಿತಂತೆ, ತಾನು ಹೋಗಿದ್ದು ಕೊಳ್ಳಲಿಕ್ಕೆ ಎಂದು!

ಅಲ್ಲಿಗೆ ಸೂಟ್‌ಕೇಸು ಮೂಲೆ ಸೇರಬೇಕಿತ್ತು. ಸುತ್ತಲಿನ ನಾಲ್ಕು ತಾಲ್ಲೂಕು ಹುಡುಕಿದರೂ ಇಂಥ ಇಂಜಿನ್ನು ಇದ್ದವನು ಇವನೊಬ್ಬನೇ. ಪರೀಕ್ಷೆಗೆ ಕರೆಯುವವರು ಯಾರು? ಆದರೂ ಕಾಕಾ ಹೋದಲ್ಲೆಲ್ಲ ಸೂಟ್‌ಕೇಸು ಹೋಗುತ್ತಿತ್ತು. ಬೀಳಗಿಗೆ ಮಗಳ ಮನೆಗೆ ಹೊರಟಾಗ ಬಸ್ಸಿನ ಕಂಡಕ್ಟರು ಅದನ್ನು ಎತ್ತಿ ನೋಡಿ, "ಏನೈತ್ರೀ ಇದರಾಗ, ಇಷ್ಟು ವಜ್ಜೆ?" ಎಂದು ಕೇಳಿದ. ಸುಳ್ಳು ಹೇಳಿ ಗೊತ್ತಿಲ್ಲದ ಕಾಕಾ "ರೈಲು" ಎಂದ. ಕಂಡಕ್ಟರು ಒಂದು ಕ್ಷಣ ಯೋಚಿಸಿದ. "ಬಸ್ಸಿನಾಗ ರೈಲು ಒಯ್ದ್ರ ಯಾವ ಟಿಕೆಟ್ ಹರೀಬೇಕಂತ ನಮಗ ಹೇಳಿಕೊಟ್ಟಿಲ್ರಿ. ಕಾಲಾಗ ಇಟ್ಕೊಂಡು ಸುಮ್ಮ ಕುಂದರ್ರಿ."

ಮುಧೋಳದಲ್ಲಿ ನಮ್ಮ ಬೀಗರ ಮನೆಯಲ್ಲಿ ಒಂದು ಬೇಟೆನಾಯಿ ಇದೆ. ಕಾಲು ಉದ್ದ, ಹೊಟ್ಟೆ ಬೆನ್ನಿಗೆ ಹತ್ತಿದ್ದು, ಓಡುವಂಥದ್ದು ಏನೇ ಕಂಡರೂ ಬೆನ್ನಟ್ಟುವ ಜಾತಿ. ಕಾಕಾ ಅಂಗಳದಲ್ಲಿ ಸೂಟ್‌ಕೇಸು ಬಿಚ್ಚಿ ಇಂಜಿನ್ನು ಓಡಿಸಿದ್ದೇ ತಡ, ಅದು ಹಗ್ಗ ಹರಿದುಕೊಂಡು ಬಂತು. ನಾವೆಲ್ಲ ಇಂಜಿನ್ನಿನ ಆಸೆ ಬಿಟ್ಟೆವು. ನಾಯಿ ಬಂದು ನಿಂತಿತು. ಗಾಲಿ ನೋಡಿತು. ಕತ್ತು ಈ ಕಡೆ ವಾಲಿಸಿತು, ಆ ಕಡೆ ವಾಲಿಸಿತು. ಹಿಂದೆ ಹೋಗಿ ನೋಡಿತು, ಮುಂದೆ ಬಂದು ನೋಡಿತು. ಓಡುತ್ತಿರುವುದೂ ನಿಜ, ಇಲ್ಲೇ ಇರುವುದೂ ನಿಜ. ಇಂಥದ್ದನ್ನು ಬೆನ್ನಟ್ಟುವುದು ಹೇಗೆ ಎಂದು ಅದರ ವಂಶದಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಕೊನೆಗೆ ದೊಡ್ಡದೊಂದು ಆಕಳಿಕೆ ತೆಗೆದು ಸೂಟ್‌ಕೇಸಿನ ಪಕ್ಕದಲ್ಲೇ ಮಲಗಿಬಿಟ್ಟಿತು.

ರನ್ನ ಬೆಳಗಲಿಯಲ್ಲಿ ಆದದ್ದು ಇನ್ನೂ ದೊಡ್ಡದು. ಅವತ್ತೂ ನಾನು ಜೊತೆಗಿದ್ದೆ. ಅಲ್ಲಿ ಪರಿಚಯದವರ ಮನೆ ಕಟ್ಟೆಯ ಮೇಲೆ ಕೂತು, ಸೂಟ್‌ಕೇಸಿನಲ್ಲೇನು ಎಂದು ಕೇಳಿದವನೊಬ್ಬನಿಗೆ ಕಾಕಾ "ರೈಲ್ವೆ ಟೆಸ್ಟಿಂಗ್ ಸಾಮಾನು" ಎಂದ. ಅಷ್ಟೇ. ಚಹಾ ಬರುವುದರೊಳಗೆ ಸುದ್ದಿ ಊರು ದಾಟಿತ್ತು, ಲೈನಿನ ಸರ್ವೆ ಮಾಡಲು ಸಾಹೇಬರು ಬಂದಿದ್ದಾರೆ ಎಂದು. ಚಹಾದ ಜೊತೆಗೆ ಚುರಮುರಿ ಬಂತು, ಭಜಿ ಬಂತು, ಹಿಂದಿನಿಂದ ರುಮಾಲಿನ ಹಿರಿಯರು ಬಂದರು. ಒಬ್ಬರು "ನಮ್ಮ ಬಾವಿ ಬಿಟ್ಟು ಹೊಡೀರಿ ಸಾಹೇಬ್ರ ಲೈನು" ಎಂದರು. ಇನ್ನೊಬ್ಬರು, "ಅವರ ಬಾವಿ ಬಿಟ್ರ ನಮ್ಮ ಕಬ್ಬಿನಾಗ ಬರತೈತ್ರಿ, ತುಸು ವಿಚಾರ ಮಾಡ್ರಿ" ಎಂದರು. ಬಾವಿಯವರಿಗೂ ಕಬ್ಬಿನವರಿಗೂ ಮಾತಿಗೆ ಮಾತು ಬೆಳೆಯಿತು. ಭಜಿ ತಿಂದಾಗಿದೆ, ಈಗ ಅಲ್ಲ ಅನ್ನುವುದು ಹೇಗೆ? ಬೆವರಿದ ಕಾಕಾ ಬೇರೆ ದಾರಿ ಕಾಣದೆ ಸೂಟ್‌ಕೇಸು ಬಿಚ್ಚಿ ಇಂಜಿನ್ನು ತೋರಿಸಿದ.

ಕಬ್ಬಿನವರು ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಬಹಳ ಹೊತ್ತು ನೋಡಿದರು. "ಇಷ್ಟ ಸಣ್ಣದಿದ್ರ ನಮ್ಮ ಬದುವಿನ ಮ್ಯಾಲೆ ಹಾಯಿಸ್ರೀ. ನಾವೇನ್ ಬ್ಯಾಡನ್ನಂಗಿಲ್ಲ."

ಈ ಪ್ರಸಂಗವನ್ನು ಊರಿಗೆ ಬಂದು ನಾನು ಅಭಿನಯಿಸಿ ತೋರಿಸಿದಾಗ ಕಾಕು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆದರೆ ಇಂಜಿನ್ನಿನ ಕಡೆ ನೋಡಲಿಲ್ಲ. ನಾನು ಕಾಕಾನನ್ನು ಪಕ್ಕಕ್ಕೆ ಕರೆದು ಕೇಳಿದೆ. "ಊರೂರು ಹೊತ್ಕೊಂಡು ತಿರುಗತೀಯಲ್ಲ, ಯಾಕ?"

"ಗಾಡಿ ನಮ್ಮ ಕಡೆ ಬರಂಗಿಲ್ಲಂದ್ರ, ನಾವ ಗಾಡಿ ತಗೊಂಡು ಹೋಗಬೇಕು" ಎಂದ. ಇದಕ್ಕೆ ಏನು ಹೇಳುತ್ತೀರಿ?

ಇಷ್ಟಾದರೂ ಸಹಿಸಬಹುದಿತ್ತು. ಕಳೆದ ಬೇಸಿಗೆಯಲ್ಲಿ ಕಾಕಾನಿಗೆ ಹೊಸ ಹುಚ್ಚು ಹಿಡಿಯಿತು. ಚೂರೂ ಸದ್ದಿಲ್ಲದೆ ನುಣ್ಣಗೆ ತಿರುಗುತ್ತಿದ್ದ ಬೇರಿಂಗುಗಳನ್ನು ಬಿಚ್ಚಿ, ಅರದಿಂದ ಉಜ್ಜಿ ಉಜ್ಜಿ ಒಂದೊಂದಕ್ಕೂ ಕಚ್ಚು ಹಾಕತೊಡಗಿದ. ಅಷ್ಟು ಕಷ್ಟಪಟ್ಟು ಸರಿಮಾಡಿದ್ದನ್ನು ಅಷ್ಟೇ ಕಷ್ಟಪಟ್ಟು ಹಾಳು ಮಾಡುವವರನ್ನು ನೀವು ನೋಡಿದ್ದೀರಾ? ಉಜ್ಜುವುದು, ಕೂರಿಸುವುದು, ಕಣ್ಣುಮುಚ್ಚಿ ಕೇಳುವುದು, ತಲೆ ಅಲ್ಲಾಡಿಸುವುದು, ಮತ್ತೆ ಬಿಚ್ಚುವುದು. ಹಾಳಾದ ಬೇರಿಂಗುಗಳು ಬಟ್ಟಲು ತುಂಬಿದವು. ಕೇಳಿದರೆ "ಇನ್ನೂ ಬಂದಿಲ್ಲ" ಎನ್ನುತ್ತಿದ್ದ. ಏನು ಬಂದಿಲ್ಲ ಎಂದು ಹೇಳುತ್ತಿರಲಿಲ್ಲ. ವಯಸ್ಸಾಯಿತು, ಇನ್ನು ಇದನ್ನೆಲ್ಲ ನೋಡುತ್ತ ಇರಬೇಕು ಎಂದುಕೊಂಡು ನಾನು ಜಮಖಂಡಿಗೆ ಮರಳಿದೆ.

ಮಳೆಗಾಲದಲ್ಲಿ ಕಾಕು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿಯಿತು. ಜಮಖಂಡಿಯ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ಊಟ ಒಯ್ಯುವ ಕೆಲಸ ನನ್ನದು. ಆಪರೇಷನ್ ಚೆನ್ನಾಗಿಯೇ ಆಗಿದೆ, ಇನ್ನು ಇವರು ಉಣ್ಣಬೇಕು, ಎದ್ದು ಕೂರುವ ಮನಸ್ಸು ಮಾಡಬೇಕು ಎಂದು ಡಾಕ್ಟರು ಹೇಳಿದರು. ಆ ಮನಸ್ಸೇ ಕಾಕುಗೆ ಇರಲಿಲ್ಲ. ಒಂದು ದಿನ ನಾನು ಬಡಿಸುವಾಗ ಸಾರು ಆಕೆಯ ಹೊದಿಕೆಯ ಮೇಲೆ ಚೆಲ್ಲಿತು. ಬೈಗುಳಕ್ಕೆ ತಯಾರಾಗಿ ನಿಂತೆ. ಕಾಕು "ಇರಲಿ ಬಿಡವ್ವ" ಎಂದಳು. ನಾನು ಹುಟ್ಟಿದಾಗಿನಿಂದ ಆಕೆಯ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ನನಗೆ ಹೆದರಿಕೆಯಾಯಿತು. ಕಾರಿಡಾರಿನಲ್ಲಿ ಕಾಕಾನಿಗೆ ಹೇಳಿದೆ, "ಕಾಕು ಬೈಯೂದು ಬಿಟ್ಟಾಳ."

"ನಂಗೂ ಬೈದಿಲ್ಲ" ಎಂದ ಕಾಕಾ. ಆತನ ಮುಖ ನೋಡಲಾಗಲಿಲ್ಲ.

ಮರುದಿನ ಮಧ್ಯಾಹ್ನ ಸೂಟ್‌ಕೇಸಿನೊಂದಿಗೆ ಬಂದ. ನಾನು ಬಾಗಿಲಲ್ಲೇ ತಡೆದೆ. ಇದು ಆಸ್ಪತ್ರೆ, ಆಕೆಗೆ ಮಗ್ಗಲು ತಿರುಗಲೂ ಬರುವುದಿಲ್ಲ, ಒತ್ತಾಯದಿಂದ ತೋರಿಸಬೇಡ ಎಂದೆ. ಕಾಕಾ ನನ್ನನ್ನು ದಾಟಿ ಒಳಗೆ ಹೋದ. ಸೂಟ್‌ಕೇಸನ್ನು ಮಂಚದ ಮೇಲೆ ಇಡಲಿಲ್ಲ, ಪಕ್ಕದಲ್ಲೂ ಇಡಲಿಲ್ಲ. ಕಾಕುಗೆ ಕಾಣದಂತೆ ಮಂಚದ ಕೆಳಗೆ ತಳ್ಳಿ, ಕಬ್ಬಿಣದ ಕಾಲಿಗೆ ತಾಗಿಸಿ, ಮಂಡಿಯೂರಿ ಕೂತು ಬಿಚ್ಚಿದ.

"ನೋಡಬ್ಯಾಡ" ಎಂದ. "ನೀ ನೋಡಂಗಿಲ್ಲಂತ ನಂಗ ಗೊತ್ತೈತಿ. ಸುಮ್ಮ ಕೇಳು."

ಗಿರಕಿ ತಿರುಗಿತು. ದಡಕ್ ದಡಕ್, ದಡಕ್ ದಡಕ್.

ಆ ಕಚ್ಚುಗಳು ಯಾಕೆಂದು ನನಗೆ ಆಗ ತಿಳಿಯಿತು. ಹಳಿಯ ಜೋಡಣೆಗಳ ಮೇಲೆ ಗಾಲಿ ಹಾಯುವ ಸದ್ದು ಅದು. ಮಂಚದ ಕಾಲಿನಿಂದ ಏರಿ ಹಾಸಿಗೆಯೊಳಗಿನಿಂದಲೇ ಬರುತ್ತಿತ್ತು. ಬೇಸಿಗೆಯೆಲ್ಲ ಕಾಕಾ ಕಣ್ಣುಮುಚ್ಚಿ ಹುಡುಕಿದ್ದು ಇದನ್ನೇ.

ಕಾಕುನ ಕಣ್ಣು ಮುಚ್ಚಿತ್ತು. ಆಮೇಲೆ ಹುಬ್ಬು ಗಂಟಾಯಿತು.

"ಏನ್ ಗಡಿಬಿಡಿ ಅದು? ಹೊಳಿ ದಾಟಿ ಬರೂ ಗಾಡಿ ಇಷ್ಟು ಜೋರು ಬರತಿದ್ದಿಲ್ಲ. ಸಾವಕಾಶ ಮಾಡ್ರಿ."

ಕಾಕಾ ವೇಗ ಇಳಿಸಿದ.

"ಇನ್ನೂ."

ಇನ್ನೂ ಇಳಿಸಿದ.

"ಹಾಂ. ಈಗ ಸೇತುವಿ ಮ್ಯಾಲೆ ಐತಿ." ಕಾಕು ಕಣ್ಣು ಬಿಟ್ಟಳು. "ಇಷ್ಟು ವರ್ಷ ಆದ್ರೂ ಗಾಡಿ ಹೆಂಗ ಬರತೈತಿ ಅಂತ ಗೊತ್ತಿಲ್ಲ. ಬರೂ ವರ್ಷದ ಮಂದಿ."

ಬೈದಳು! ಮಂಚದ ಕೆಳಗೆ ಕಾಕಾ ತಲೆ ತಗ್ಗಿಸಿಕೊಂಡು ಕೂತಿದ್ದ, ಎರಡೂ ಕೈಯಿಂದ ಮುಖ ಒರೆಸಿಕೊಳ್ಳುತ್ತಿದ್ದ. ನನಗೂ ಅಳು ಬಂತು. ಇಷ್ಟು ದಿನ ಹುಚ್ಚು ಎಂದು ನಕ್ಕಿದ್ದೆವು, ಈ ಸಂತೋಷದಲ್ಲಿ ಅದೂ ನೆನಪಾಗಿ ಸಂಕಟವಾಯಿತು.

"ಕೆಳಗ ಏನ್ ಮಾಡತೀರಿ? ಮ್ಯಾಲೆ ಇಡ್ರಿ, ನೋಡತೇನಿ" ಎಂದಳು ಕಾಕು.

ಊಟದ ಮೇಜನ್ನು ಆಕೆಯ ಎದುರಿಗೆ ಎಳೆದು ಸೂಟ್‌ಕೇಸನ್ನು ಅದರ ಮೇಲಿಟ್ಟೆವು. ಆಕೆಗೆ ಕಾಣಲೆಂದು ಬೆನ್ನಿಗೆ ದಿಂಬು ಕೊಟ್ಟು ಎಬ್ಬಿಸಿದೆ. ಡಾಕ್ಟರು ಹೇಳಿ ಹೇಳಿ ಸಾಕಾಗಿದ್ದ ಕೆಲಸ ಅದು. ಕಾಕು ಎದ್ದು ಕೂತು, ಸೀರೆಯ ಅಂಚುಗಳ ನಡುವೆ ಓಡುತ್ತಿದ್ದ ನೀಲಿ ಇಂಜಿನ್ನನ್ನು ನೋಡಿದಳು. ಪಕ್ಕದ ಮಂಚದ ಅಜ್ಜಿ ಕತ್ತೆತ್ತಿ, "ಯಾವೂರಿಂದವ್ವಾ ಗಾಡಿ?" ಎಂದು ಕೇಳಿದಳು.

"ನಮ್ಮೂರಿಂದು" ಎಂದಳು ಕಾಕು. ಆಮೇಲೆ ಕಾಕಾನ ಕಡೆ ತಿರುಗದೆ, ಇಂಜಿನ್ನನ್ನೇ ನೋಡುತ್ತ ಸಣ್ಣ ದನಿಯಲ್ಲಿ ಹೇಳಿದಳು. "ಸಣ್ಣಾಕಿದ್ದಾಗ ಬೇಲಿಗೆ ನಿಂತು ಕೈ ಮಾಡತಿದ್ನಿ. ಪೂರಾ ಕೈ ಎತ್ತೂದರಾಗ ಹೋಗಿಬಿಡತಿತ್ತು."

"ಇದು ಹೋಗಂಗಿಲ್ಲ" ಎಂದ ಕಾಕಾ. "ಎಷ್ಟ್ ಬೇಕೋ ಅಷ್ಟು ಮಾಡು."

ಕಾಕು ಸಲೈನಿನ ಪಟ್ಟಿ ಅಂಟಿಸಿದ ಕೈಯನ್ನು ಮೆಲ್ಲಗೆ ಎತ್ತಿ ಬೀಸತೊಡಗಿದಳು. ಗಾಡಿ ಓಡುತ್ತಲೇ ಇತ್ತು, ಹೋಗಲಿಲ್ಲ.